ಮೂವತ್ತೊಂದು ಮನೆಯ ಮುಯ್ಯಿ

ಸಂಕ್ರಾಂತಿ ಕಳೆದ ನಾಲ್ಕನೇ ದಿನ ರಾವಂದೂರು ಸುತ್ತಮುತ್ತಲ ಮೂವತ್ತೊಂದು ಮನೆಗೆ ಹುಣಸೂರು ಕೋರ್ಟಿನಿಂದ ನೋಟೀಸು ಬಂತು. ಆ ಮನೆಯವರು ಯಾರೂ ಏನೂ ತಪ್ಪು ಮಾಡಿರಲಿಲ್ಲ. ಮೂರು ವರ್ಷದ ಹಿಂದೆ ನಮ್ಮಕ್ಕನ ಮದುವೆಗೆ ಬಂದು, ಊಟ ಮಾಡಿ, ಮುಯ್ಯಿ ದುಡ್ಡು ಕೊಟ್ಟು ಬರೆಸಿ ಹೋಗಿದ್ದರು, ಅಷ್ಟೇ. ಅವರ ಹೆಸರನ್ನು ಕೋರ್ಟಿನ ಪಟ್ಟಿಗೆ ಸೇರಿಸಿದವಳು ನಾನು.

ಮೊದಲು ಬಂದವರು ಎದುರು ಬೀದಿಯ ದೇವಯ್ಯ. ಒಳಗೆ ಬರಲಿಲ್ಲ. ಜಗುಲಿಯ ಕೆಳಗೇ ನಿಂತು ಲಕೋಟೆ ಆಡಿಸಿದರು.

"ವೀರಭದ್ರಸ್ವಾಮಿ ಅವ್ನಾ ಮನೇಲಿ?"

"ಕೆಲಸಕ್ಕೆ ಹೋಗವ್ರೆ. ಕೂತ್ಕಳಿ ಅಣ್ಣ, ಕಾಫಿ ಕಾಯಿಸ್ತೀನಿ" ಅಂದಳು ಅವ್ವ.

"ಕಾಫಿ ಬುಡಮ್ಮ. ಹರಾಜು ಕಟ್ಟೇಲಿ ಹೊಗೆಸೊಪ್ಪಿನ ಬೇಲ್ ಇಟ್ಕಂಡು ಕೂತಿದ್ದೆ. ಪೋಸ್ಟ್‌ಮ್ಯಾನು ಅಲ್ಲಿಗೇ ತಂದು ಕೊಟ್ಟ. 'ಏನ್ ದೇವಯ್ಯ, ಕೋರ್ಟು ಕಚೇರಿ ಶುರುವಾಯ್ತಾ?' ಅಂತ ಒಬ್ಬೊಬ್ರೂ ಕೇಳವ್ರೆ. ನಿಮ್ ಮಗಳ ಮದ್ವೇಲಿ ಐನೂರೊಂದು ಬರೆಸಿದ್ದು ನಿಜ. ವಾಪಸ್ ಕೊಡಿ ಅಂತ ನಾನ್ಯಾವತ್ತಾದ್ರೂ ನಿಮ್ ಬಾಗ್ಲು ತಟ್ಟಿದ್ನಾ?"

"ಇಲ್ಲ ಅಣ್ಣ."

"ಮತ್ಯಾಕೆ ನನ್ನ ಹೆಸರ್ನ ಜಡ್ಜಿಗೆ ಕೊಟ್ರಿ?"

ನಾನು ಒಳಗೆ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಯಾರು ಬಂದರೂ ನಾನು ನಿಲ್ಲುವ ಜಾಗ ಅದೇ. ಆವತ್ತು ಸಂಜೆಯೊಳಗೆ ಇನ್ನೂ ಆರು ಮನೆಯವರು ಬಂದು ಹೋದರು.

ಇದೆಲ್ಲ ಶುರುವಾದದ್ದು ಬಸವಪ್ರಸಾದ್ ಮಾವನ ಗೊಬ್ಬರದ ಅಂಗಡಿಯಿಂದ. ಅವನು ಅವ್ವನ ತಮ್ಮ. ಕೆ.ಆರ್. ನಗರದಲ್ಲಿ ಅಂಗಡಿ ಇಟ್ಟಾಗ ಮೂರು ಕಡೆ ಸಾಲ ತೆಗೆದ. ಮೂರಕ್ಕೂ ಅಪ್ಪನೇ ಜಾಮೀನು. ಅಪ್ಪ ಪಿರಿಯಾಪಟ್ಟಣದ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವರು, ಕಾಯಂ ನೌಕರಿ. ಜಾಮೀನಿಗೆ ಅದಕ್ಕಿಂತ ಒಳ್ಳೆಯ ಸಹಿ ಸಿಕ್ಕುವುದಿಲ್ಲ. ಅಂಗಡಿ ಎರಡು ವರ್ಷಕ್ಕೆ ಮುಚ್ಚಿತು. ಮಾವ ಕೊಡಗಿನ ಯಾವುದೋ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾನೆ ಅಂತ ಕೇಳಿದೆವು, ಫೋನ್ ಎತ್ತಲಿಲ್ಲ. ಸಾಲ ಕೊಟ್ಟ ಮೂವರಲ್ಲಿ ಫೈನಾನ್ಸಿನವರು ಕೋರ್ಟಿಗೆ ಹೋಗಿ ಡಿಕ್ರಿ ತಂದರು. ಹೋದ ಜೂನ್‌ನಿಂದ ಅಪ್ಪನ ಮೂವತ್ತನಾಲ್ಕು ಸಾವಿರ ಸಂಬಳದಲ್ಲಿ ತಿಂಗಳಿಗೆ ಹನ್ನೊಂದು ಸಾವಿರ ಇಲಾಖೆಯಲ್ಲೇ ಮುರಿದು ಕೋರ್ಟಿಗೆ ಕಟ್ಟತೊಡಗಿದರು. ಅಪ್ಪನದೇ ಆದ ಹಳೇ ಕಡಿತಗಳು ಬೇರೆ ಇದ್ದವು. ಕೈಗೆ ಹದಿನಾಲ್ಕು ಬರುತ್ತಿತ್ತು.

ಅರ್ಧ ಲೀಟರ್ ಹಾಲು ಕಾಲು ಲೀಟರಾಯಿತು. ಮಧ್ಯಾಹ್ನದ ಮುದ್ದೆಗೆ ಸಾರಿನ ಬದಲು ಉಪ್ಪೆಸರು, ರಾತ್ರಿಗೂ ಅದನ್ನೇ ಕಾಯಿಸಿ. ಅಜ್ಜಿ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳು. ಸ್ಟ್ರಿಪ್‌ನಲ್ಲಿ ಮಾತ್ರೆ ಉಳಿದದ್ದು ನೋಡಿ ನಾನೇ ಕಂಡುಹಿಡಿದೆ. ಎಂಬತ್ತು ಹುಡುಗರಿಗೆ ಅಳತೆ ತಪ್ಪದೆ ಸಾಂಬಾರು ಮಾಡುವ ಅಪ್ಪ ಮನೆಗೆ ಬಂದರೆ ತಟ್ಟೆ ಕಡೆ ನೋಡುತ್ತಲೇ ಇರಲಿಲ್ಲ.

"ನಿನ್ನ ತಮ್ಮ ಗೊಬ್ಬರ ಮಾರ್ದ, ನಾವು ಮಣ್ಣು ತಿಂತೀವಿ" ಅನ್ನುತ್ತಿದ್ದಳು ಅಜ್ಜಿ.

"ಸಹಿ ಹಾಕ್ಬ್ಯಾಡಿ ಅಂತ ನಾನು ಹೇಳಿದ್ದೆ ಅತ್ತೆ. ಹಾಕು ಅಂದೋರು ನೀವು. 'ನೆಂಟಸ್ತನ ಉಳೀಲಿ' ಅಂದ್ರಿ."

"ಅಂದೆ. ನೆಂಟಸ್ತನ ಉಳೀತು, ನೆಂಟ ಓಡೋದ."

ಅಪ್ಪ ಎದ್ದು ಕೈ ತೊಳೆದುಕೊಳ್ಳುತ್ತಿದ್ದರು.

ಉಳಿದ ಇಬ್ಬರು ಸಾಲದವರೂ ಕೇಸು ಹಾಕಿದ ಮೇಲೆ ನನ್ನ ಅಣ್ಣ ಗೌರೀಶ ಅಪ್ಪನನ್ನೂ ನನ್ನನ್ನೂ ಹುಣಸೂರಿನ ವಕೀಲ ಸುನೀಲ್‌ಕುಮಾರ್ ಹತ್ತಿರ ಕರೆದುಕೊಂಡು ಹೋದ. ಗೌರೀಶ ಗೂಡ್ಸ್ ಆಟೋ ಓಡಿಸುತ್ತಾನೆ. ವಕೀಲರ ಮನೆಗೆ ಕಬ್ಬಿಣದ ಬೀರು ಸಾಗಿಸಿದ ಪರಿಚಯ.

ವಕೀಲರು ಕಾಗದ ನೋಡಿ ಹೇಳಿದರು: "ಬಡ್ಡಿ ಸೇರಿ ಹನ್ನೊಂದೂವರೆ ಲಕ್ಷ. ನಿಮಗೆ ರಿಟೈರ್ ಆಗೋಕೆ ನಾಲ್ಕು ವರ್ಷ. ಈ ಕಟಾವು ಎರಡು ವರ್ಷ ನಡೆಯುತ್ತೆ, ಆಮೇಲೆ ಒಂದು ವರ್ಷ ಬಿಡುವು. ಆ ಬಿಡುವು ಮುಗಿದ ಕೂಡಲೇ ಇನ್ನೊಬ್ಬನ ಡಿಕ್ರಿ ಬಂದು ಕೂರುತ್ತೆ. ಅಸಲು ಮುಟ್ಟೋದೇ ಇಲ್ಲ. ದಿವಾಳಿ ಅರ್ಜಿ ಹಾಕಿ."

"ಪಾಪರ್ ಚೀಟಿನಾ ಸಾರ್?" ಅಪ್ಪನ ದನಿ ಇಳಿಯಿತು.

"ನೀವು ಏನಾದ್ರೂ ಕರೀರಿ. ಅರ್ಜಿ ಹಾಕಿದ ದಿನವೇ ಕಟಾವು ನಿಲ್ಲಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ. ನೀವು ದಿವಾಳಿ ಅಂತ ಕೋರ್ಟು ಒಪ್ಪಿ ಆದೇಶ ಮಾಡ್ಬೇಕು. ಆದ ಮೇಲೆ ಸಾಲ ಕೊಟ್ಟೋರು ಯಾರೂ ಬೇರೆಬೇರೆಯಾಗಿ ನಿಮ್ಮ ಸಂಬಳಕ್ಕೆ ಕೈ ಹಾಕಂಗಿಲ್ಲ. ನಿಮ್ಮ ಕೈಲಾಗೋಷ್ಟು ಒಂದು ಮೊತ್ತ ಕಟ್ಟಿ ಅಂತ ಕೋರ್ಟೇ ಹೇಳುತ್ತೆ, ಮೂವರಿಗೂ ಪಾಲು ಹಾಕುತ್ತೆ."

"ಪೇಪರಲ್ಲಿ ಹಾಕ್ತಾರಾ?"

"ಹಾಕ್ತಾರೆ."

ಅಪ್ಪ ಗೋಡೆಯ ಕ್ಯಾಲೆಂಡರ್ ನೋಡಿದರು. ಗೌರೀಶ ಅಂದ: "ಪೇಪರು ಒಂದ್ ದಿನ ಅಪ್ಪಾ. ಸಂಬಳ ತಿಂಗಳು ತಿಂಗಳೂ."

"ಇನ್ನೊಂದು ಮಾತು" ವಕೀಲರು ನನ್ನ ಕಡೆ ತಿರುಗಿದರು, ಬರೆದುಕೊಳ್ಳುತ್ತಿದ್ದವಳು ನಾನೊಬ್ಬಳೇ. "ಪಟ್ಟಿ ಸರಿಯಾಗಿರ್ಬೇಕಮ್ಮ. ಯಾರಿಗೆ ಎಷ್ಟು ಕೊಡ್ಬೇಕು, ನಿಮ್ಮ ತಂದೆ ಹತ್ರ ಏನಿದೆ, ಒಂದೂ ಬಿಡಬಾರದು. ಬಿಟ್ಟಿದ್ದು ಗೊತ್ತಾದ್ರೆ ಅರ್ಜಿ ಬಿದ್ದೋಗುತ್ತೆ."

ಒಂದೂ ಬಿಡಬಾರದು. ಅದರ ಕೆಳಗೆ ಎರಡು ಗೆರೆ ಎಳೆದೆ.

ಮನೆಗೆ ಬಂದು ಚಾಪೆ ಮೇಲೆ ಕೂತು ಪಟ್ಟಿ ಶುರು ಮಾಡಿದೆ. ಅಪ್ಪನ ಆಸ್ತಿ: ಒಂದು ಹಳೇ ಟಿ.ವಿ.ಎಸ್., ಒಂದು ಕೈಗಡಿಯಾರ. ಮನೆ ಅಜ್ಜಿ ಹೆಸರಿನದು. ಸಾಲ: ಮೂರು. ಆಗ ಅವರೆಕಾಳು ಹಿತುಕುತ್ತಾ ಕೂತಿದ್ದ ಅಜ್ಜಿ ಕೇಳಿದಳು:

"ಮುಯ್ಯಿ?"

"ಮುಯ್ಯಿ ಏನಜ್ಜಿ?"

"ಅದು ಕೊಡೋದಲ್ವಾ? ನಿಮ್ಮಕ್ಕನ ಮದ್ವೇಲಿ ಬಂದಿದ್ರಲ್ಲಿ ಮೂವತ್ತೊಂದು ಮನೆಗೆ ನಾವಿನ್ನೂ ತೀರಿಸಿಲ್ಲ. ಅವ್ರ ಮನೇಲಿ ಮದ್ವೆ ಬಂದಾಗ ತೀರಿಸ್ಬೇಕು. ನನಗೆ ಅದೇ ದೊಡ್ಡ ಸಾಲ ಕಣವ್ವ."

ಅಜ್ಜಿಗೆ ಓದು ಬರದು. ಆದರೆ ಮುಯ್ಯಿ ಪುಸ್ತಕ ತೆಗೆಸಿ, ತೀರಿಸಿದ ಮನೆಯ ಹೆಸರಿನ ಮುಂದೆ ಕುಂಕುಮದ ಬೊಟ್ಟು ತಾನೇ ಇಡುತ್ತಿದ್ದಳು. ಬೊಟ್ಟು ಇಲ್ಲದ ಹೆಸರು ಎಣಿಸಿದೆ. ಮೂವತ್ತೊಂದು. ಆ ಪುಸ್ತಕ ಬರೆದವಳೂ ನಾನೇ. ಮದುವೆ ಮನೆಯಲ್ಲಿ ಯಾರ ಜೊತೆಯೂ ಮಾತಾಡದೆ ಕೂರಬಹುದಾದ ಜಾಗ ಮುಯ್ಯಿ ಬರೆಯುವ ಮೇಜು ಒಂದೇ. ಕೊಡಬೇಕಾದ್ದು ಅಂದರೆ ಕೊಡಬೇಕಾದ್ದೇ ಅಂದುಕೊಂಡು, ಮೂರರ ಕೆಳಗೆ ಮೂವತ್ತೊಂದನ್ನೂ ಇಳಿಸಿದೆ, ವಿಳಾಸ ಸಮೇತ. ಪಿರಿಯಾಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ವಕೀಲರ ಮೇಜಿನ ಮೇಲೆ ಆವತ್ತು ಮೊಣಕೈಯೆತ್ತರ ಫೈಲು. ಹಾಳೆ ತಿರುವಿದರು, ಓದಲಿಲ್ಲ. ಅಪ್ಪ ಪ್ರತಿ ಹಾಳೆಗೂ ಸಹಿ ಹಾಕುತ್ತಾ ಅಂದರು:

"ನನ್ ಮಗಳು ಬರೆದವ್ಳೆ ಸಾರ್. ತಪ್ಪಿರಲ್ಲ."

ನೋಟೀಸು ಮನೆಮನೆಗೆ ಹೋದ ಮಾರನೇ ವಾರ ವಕೀಲರು ಫೋನ್ ಮಾಡಿದರು.

"ಏನಮ್ಮ ಇದು, ಮದುವೆ ಮುಯ್ಯಿ ಬರೆದಿದೀರಾ? ಫೈನಾನ್ಸಿನ ವಕೀಲರು ತಕರಾರು ಹಾಕಿದಾರೆ. ಸಾಲ ಜಾಸ್ತಿ ತೋರಿಸೋಕೆ ನೆಂಟರಿಷ್ಟರ ಹೆಸರಲ್ಲಿ ಸುಳ್ಳು ಸಾಲ ಸೃಷ್ಟಿ ಮಾಡಿದಾರೆ ಅಂತ. ನಾನೂ ನೋಡ್ಬೇಕಿತ್ತು, ಅದು ನನ್ನ ತಪ್ಪು. ಈಗ ಆ ಮೂವತ್ತೊಂದು ಜನರಿಂದಲೂ ಬರೆಸ್ಕೊಂಡು ಬನ್ನಿ: ಇದು ಮುಯ್ಯಿ, ಸಾಲ ಅಲ್ಲ, ನಮ್ಮದು ಏನೂ ಕ್ಲೇಮು ಇಲ್ಲ ಅಂತ. ಮಾರ್ಚ್ ಹತ್ತಕ್ಕೆ ಡೇಟು. ಒಬ್ಬರು ತಪ್ಪಿದ್ರೂ ಅವರು ಅದನ್ನೇ ಹಿಡೀತಾರೆ. ಮತ್ತೆ, ಬಾಯಿ ಮುಚ್ಚಿಸೋಕೆ ಅಂತ ಯಾರಿಗೂ ಒಂದು ರೂಪಾಯಿನೂ ಕೊಡಬೇಡಿ. ಕೊಟ್ರೆ ಅದು ಸಾಲವೇ ಅಂತ ಒಪ್ಕೊಂಡಂಗೆ, ಮುಗೀತು ಕತೆ."

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದರು: "ಅರ್ಜಿ ವಾಪಸ್ ತಗಳ್ಳಣ. ಕಟ್ಟಾಗಾದು ಕಟ್ಟಾಗ್ಲಿ. ಹಾಸ್ಟೆಲಿಗೆ ಸೊಪ್ಪು ತರಾಕೆ ಸಂತೆಗೆ ಹೋದ್ರೆ ಜನ ಮುಖ ತಿರುಗಿಸ್ತಾವ್ರೆ."

"ಮುಖ ತಿರುಗಿಸಿದ್ರೆ ಹೊಟ್ಟೆ ತುಂಬ್ತದಾ?" ಅವ್ವ ಮುದ್ದೆ ಮುರಿಯುತ್ತಾ ಕೇಳಿದಳು. "ಅತ್ತೆಗೆ ಮಾತ್ರೆ ಇಲ್ಲ. ಇವ್ಳು ಡಿಗ್ರಿ ಮುಗಿಸಿ ಎರಡು ವರ್ಷ ಆಯ್ತು, ಬಿ.ಎಡ್.ಗೆ ಸೇರ್ಸಕ್ಕಾಗ್ಲಿಲ್ಲ. ನನ್ನ ತಮ್ಮ ಮಾಡಿದ್ದಕ್ಕೆ ನಾನು ತಲೆ ತಗ್ಗಿಸ್ತೀನಿ. ಅರ್ಜಿ ಮಾತ್ರ ವಾಪಸ್ ಬ್ಯಾಡ ಕಣ್ರೀ."

"ಮೂವತ್ತೊಂದು ಮನೆ ಮುಂದೆ ನಾನು ಹೆಂಗ್ ಹೋಗಿ ನಿಂತ್ಕಳ್ಳಿ?"

"ನಾನು ಹೋಗ್ತೀನಿ" ಅಂದೆ.

ನಾಲ್ಕು ಜನವೂ ನನ್ನ ಕಡೆ ನೋಡಿದರು. ಗೌರೀಶನಿಗೆ ನಗು ಬಂತು.

"ನೀನಾ? ಗ್ಯಾಸಿನೋನು ಬಂದ್ರೆ ಹಿತ್ತಲಿಗೆ ಹೋಗ್ತೀಯಲ್ಲೇ."

"ಬರೆದೋಳು ನಾನು. ನಾನೇ ಹೋಗ್ತೀನಿ."

ಅಜ್ಜಿ ಗೌರೀಶನ ತೊಡೆಗೆ ಒಂದೇಟು ಕೊಟ್ಟಳು. "ನಗಬ್ಯಾಡ ಕಣ್ಲಾ. ಆಟೋ ತಗಂಡು ಹೋಗಿ ಅವಳನ್ನ ಬುಟ್ಟು ಬಾ."

ಹೇಳುವ ಮಾತನ್ನು ರಾತ್ರಿಯೇ ಬರೆದು ಬಾಯಿಪಾಠ ಮಾಡಿದ್ದೆ. ಮೊದಲನೇ ಮನೆ ಮಂಚಯ್ಯನವರದು. ಎಂಬತ್ತರ ಮೇಲಾಗಿದೆ, ಬಿಸಿಲು ಕಾಯಿಸುತ್ತಾ ಕೂತಿದ್ದರು. ಎದುರು ನಿಂತ ಕೂಡಲೇ ಬಾಯಿಪಾಠ ಅಷ್ಟೂ ಮರೆತುಹೋಯಿತು.

"ತಾತ, ನಾನು ವೀರಭದ್ರಸ್ವಾಮಿ ಮಗಳು. ತಪ್ಪಾಯ್ತು" ಅಂದೆ.

"ಯಾವ ತಪ್ಪವ್ವ?"

ಹೇಳಿದೆ. ನೋಟೀಸು ತರಿಸಿ ನನ್ನಿಂದಲೇ ಪೂರ್ತಿ ಓದಿಸಿದರು. ಅವರ ಹೆಸರು ಬಂದಲ್ಲಿ ಇನ್ನೊಂದು ಸಲ ಓದಿಸಿದರು.

"ಇನ್ನೂರೊಂದು ರೂಪಾಯಿಗೆ ಇಷ್ಟು ದಪ್ಪ ಕಾಗದ! ಹೋಗ್ಲಿ ಬುಡು, ನಾನಿನ್ನೂ ಬದುಕಿವ್ನಿ ಅಂತ ಕೋರ್ಟಿನೋರಿಗಾದ್ರೂ ಗೊತ್ತಾಯ್ತು. ಪಿಂಚಣಿಯೋರಿಗೆ ಅದು ಗೊತ್ತಾಗ್ತಾ ಇಲ್ಲ." ಹೆಬ್ಬೆಟ್ಟು ಒತ್ತಿ, ಒಂದು ಸೇರು ಅವರೆಕಾಯಿ ನನ್ನ ಸೆರಗಿಗೆ ಸುರಿದರು.

ಎಲ್ಲರೂ ಮಂಚಯ್ಯನವರಾಗಿರಲಿಲ್ಲ. ಒಂದು ಮನೆಯಲ್ಲಿ ನಾಯಿ ಕಟ್ಟಲಿಲ್ಲ. ಒಂದು ಮನೆಯಲ್ಲಿ "ಸಹಿ ಹಾಕಿಸ್ಕಂಡೇ ತಾನೆ ನಿಮ್ಮಪ್ಪ ಕೆಟ್ಟಿದ್ದು, ಈಗ ನಮ್ಮನ್ನೂ ಕೆಡಿಸ್ತೀಯಾ?" ಅಂದರು. ಕಾಗದ ಮಡಚಿಕೊಂಡು ಬಂದೆ. ಮೂರು ದಿನ ಬಿಟ್ಟು ಮತ್ತೆ ಹೋದೆ. ದೇವಯ್ಯ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಹೋದಾಗ ಅವರ ಹಜಾರದಲ್ಲಿ ಹೆಂಗಸರು ಹೊಗೆಸೊಪ್ಪು ಗ್ರೇಡ್ ಮಾಡುತ್ತಿದ್ದರು. ನಾನೂ ಒಂದು ಕಟ್ಟಿನ ಮುಂದೆ ಕೂತು ಎಲೆ ಬೇರೆ ಮಾಡತೊಡಗಿದೆ. ಕೂಲಿಗೆ ಅಂತಲ್ಲ; ನಿಂತು ಕಾಯುವುದಕ್ಕಿಂತ ಕೂತು ಕಾಯುವುದು ಸುಲಭ ಅಂತ. ಸಂಜೆ ದೇವಯ್ಯ ಬಂದು ನೋಡಿ, "ಆ ಕಂದು ಎಲೇನ ಹಳದಿಗೆ ಹಾಕ್ತಾ ಇದೀಯಲ್ಲವ್ವ, ನನ್ ರೇಟ್ ತೆಗೀತೀಯಾ ನೀನು! ಕೊಡಿಲ್ಲಿ ಆ ಕಾಗದನ" ಅಂತ ಕಿತ್ತುಕೊಂಡು ಸಹಿ ಹಾಕಿದರು.

ಫೆಬ್ರವರಿ ಎರಡನೇ ವಾರಕ್ಕೆ ಮೂವತ್ತು ಆಯಿತು. ಉಳಿದದ್ದು ಪಿರಿಯಾಪಟ್ಟಣದ ಸುನಂದಮ್ಮ ಒಬ್ಬರು.

ಸುನಂದಮ್ಮನಿಗೆ ಗಂಡ ಇಲ್ಲ. ಮನೆಯಲ್ಲೇ ಹೂ ಕಟ್ಟಿ ಮಾರುತ್ತಾರೆ. ಅಕ್ಕನ ಮದುವೆಗೆ ಎರಡು ಸಾವಿರದೊಂದು ಬರೆಸಿದ್ದರು, ಪಟ್ಟಿಯಲ್ಲೇ ದೊಡ್ಡದು. ನಾನು ಹೋದಾಗ ಮಗಳು ಪುಟ್ಟಿಯ ಮದುವೆಯ ಲಗ್ನಪತ್ರಿಕೆಗೆ ಅರಿಶಿಣ ಹಚ್ಚುತ್ತಿದ್ದರು. ಕಾಗದ ಓದಿ ಪಕ್ಕಕ್ಕಿಟ್ಟರು.

"ಸಹಿ ಹಾಕಲ್ಲ."

"ಯಾಕೆ ಚಿಕ್ಕಮ್ಮ?"

"ಏನೂ ಬರಬೇಕಾಗಿಲ್ಲ ಅಂತ ತಾನೆ ಬರ್ದಿರೋದು? ನನಗೆ ಬರಬೇಕು. ಮಾರ್ಚ್ ಒಂದನೇ ತಾರೀಕು ಭಾನುವಾರ ಇವಳ ಮದುವೆ. ಗಂಡಸಿಲ್ಲದ ಮನೆ ನಂದು. ಹದಿನೈದು ವರ್ಷದಿಂದ ಹೂ ಮಾರಿ ಊರೋರ ಮದ್ವೆಗೆಲ್ಲಾ ಮುಯ್ಯಿ ಹಾಕಿದ್ದು ಯಾಕೆ ಅಂದ್ಕಂಡೆ? ಇವತ್ತಿಗೆ ಅಂತ. ಆ ಎರಡು ಸಾವಿರ ನಿಂಗೆ ಪಟ್ಟೀಲಿ ಒಂದು ಸಾಲು. ನನಗೆ ಅಡುಗೆಯೋನಿಗೆ ಕೊಡೋ ಅಡ್ವಾನ್ಸು."

ದುಡ್ಡು ಕೊಡುವಂತಿಲ್ಲ ಅಂತ ವಕೀಲರು ಹೇಳಿದ್ದನ್ನು ಹೇಳಿದೆ.

"ಹಂಗಾರೆ ನಿಮ್ ವಕೀಲನ್ನೇ ಕಳ್ಸು, ಸಾರಿಗೆ ಒಗ್ಗರಣೆ ಹಾಕಾಕೆ" ಅಂದರು. ಆದರೆ ಹೊರಡುವಾಗ ಒಂದು ಮೊಳ ಹೂ ಕೊಟ್ಟರು.

ಬಸ್ಸಿನಲ್ಲಿ ರಾವಂದೂರು ಬರುವ ತನಕ ಅವರ ಮಾತೇ ತಲೆಯಲ್ಲಿತ್ತು. ಮನೆಗೆ ಬಂದು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವ್ವ ತಲೆ ಮೇಲೆ ಕೈ ಇಟ್ಟುಕೊಂಡಳು. ಗೌರೀಶ ಎರಡು ಸಾವಿರ ತಾನೇ ಕೊಡುತ್ತೇನೆ ಅಂದ, ಯಾರಿಗೂ ಗೊತ್ತಾಗಲ್ಲ ಅಂದ.

"ಗೊತ್ತಾಗಲ್ಲ ಅನ್ನೋದೇ ಬ್ಯಾಡ ಇನ್ನ ಈ ಮನೇಲಿ" ಅಂದರು ಅಪ್ಪ. ಆಮೇಲೆ ನನ್ನನ್ನು ಕೇಳಿದರು:

"ಎಷ್ಟು ಎಲೆಯಂತೆ?"

"ಅಂ?"

"ಮದ್ವೆಗೆ. ಎಷ್ಟು ಜನ ಊಟಕ್ಕೆ?"

"ಮುನ್ನೂರೈವತ್ತು ಅಂದ್ರು."

"ಭಾನುವಾರ ಅಲ್ವಾ? ವಾರ್ಡನ್‌ಗೆ ರಜಾ ಚೀಟಿ ಕೊಡ್ತೀನಿ. ಸಾಮಾನು ಅವ್ರು ತರ್ಲಿ, ಒಲೆ ಮುಂದೆ ನಾನು ನಿಂತ್ಕತೀನಿ." ಅವ್ವನ ಕಡೆ ತಿರುಗಿದರು. "ತರಕಾರಿ ಹೆಚ್ಚಾಕೆ ಬತ್ತೀಯಾ?"

"ಈಳಿಗೆಮಣೆ ನಮ್ಮನೇದೇ ತಗಂಡೋಗಣ. ಅವ್ರವು ಮೊಂಡಾಗಿರ್ತವೆ" ಅಂದಳು ಅವ್ವ.

"ಅಕ್ಕಿ ಆರಿಸಾಕೆ ನಾನು" ಅಂದಳು ಅಜ್ಜಿ. "ಗದ್ದೆ ನಾಟಿಗೆ ಒಬ್ರಿಗೊಬ್ರು ಮುಯ್ಯಾಳು ಹೋಗ್ತಿರ್ಲಿಲ್ವಾ ನಾವು, ಹಂಗೆ. ದುಡ್ಡಿಲ್ದಿದ್ರೆ ಏನು, ಕೈ ಇಲ್ವಾ?"

ಸುನೀಲ್‌ಕುಮಾರ್‌ಗೆ ಫೋನ್ ಮಾಡಿ ಕೇಳಿದೆ. "ಒಬ್ಬರ ಮನೆ ಮದುವೇಲಿ ಅಡುಗೆ ಮಾಡಬಾರದು ಅಂತ ನಾನು ಓದಿದ ಯಾವ ಕಾನೂನಲ್ಲೂ ಇಲ್ಲಮ್ಮ" ಅಂದರು.

ಶನಿವಾರ ಮಧ್ಯಾಹ್ನವೇ ಗೌರೀಶನ ಆಟೋದಲ್ಲಿ ಹೊರಟೆವು, ಈಳಿಗೆಮಣೆ, ಜಾಲರಿ ಸೌಟು, ಅಜ್ಜಿ ಸಮೇತ. ಅಪ್ಪನನ್ನು ಕೆಲಸದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಅಂಗಿ ಬಿಚ್ಚಿ ಟವೆಲ್ ಕಟ್ಟಿಕೊಂಡು, ಉಪ್ಪನ್ನು ಅಂಗೈಯಲ್ಲೇ ತೂಗಿ ಕೊಳಗಕ್ಕೆ ಬಿಡುತ್ತಿದ್ದರು. "ಬೇಳೆ ಕದಡಬ್ಯಾಡಿ! ಹುರುಳಿಕಾಯಿ ಇನ್ನೂ ಸಣ್ಣಕ್ಕೆ!" ಅಂತ ಅವರ ದನಿ ಶಾಮಿಯಾನದ ಆಚೆಗೂ ಕೇಳುತ್ತಿತ್ತು. ಜೂನ್‌ನಿಂದೀಚೆಗೆ ಮನೆಯಲ್ಲಿ ಆ ದನಿ ಕೇಳಿರಲಿಲ್ಲ. ಚಿತ್ರಾನ್ನ, ಪಲ್ಯ, ಕೋಸಂಬರಿ, ಬೂಂದಿ, ಶಾವಿಗೆ ಪಾಯಸ. ನೋಟೀಸು ಬಂದ ಮೇಲೆ ನಮ್ಮ ಕಡೆ ತಿರುಗಿ ನೋಡದವರೆಲ್ಲ ಸಾಲಾಗಿ ಕೂತು ಉಂಡರು. ದೇವಯ್ಯ ಎರಡು ಸಲ ಸಾರು ಹಾಕಿಸಿಕೊಂಡು, ಯಾರಿಗೆ ಅಂತಿಲ್ಲದೆ, "ಪಾಪರ್ ಆದ್ರೂ ಕೈ ಪಾಪರ್ ಆಗಿಲ್ಲ ಕಣ್ರಯ್ಯ" ಅಂದರು.

ಮುಯ್ಯಿ ಮೇಜಿಗೆ ಸುನಂದಮ್ಮ ನನ್ನನ್ನೇ ಕೂರಿಸಿದರು. ಸಂಜೆ ಪುಸ್ತಕ ಮುಚ್ಚುವ ಮುಂಚೆ ಪಕ್ಕಕ್ಕೆ ಬಂದು ಕೂತು, "ನಿಮ್ಮನೇದು ಬರಿ" ಅಂದರು.

"ಏನಂತ ಚಿಕ್ಕಮ್ಮ?"

"ಏನ್ ಕೊಟ್ರೋ ಅದು."

ಬರೆದೆ: ವೀರಭದ್ರಸ್ವಾಮಿ, ರಾವಂದೂರು. ಮುನ್ನೂರೈವತ್ತು ಎಲೆ ಅಡುಗೆ.

ಕಾಗದ ಮುಂದಿಟ್ಟೆ. ಅವರು ಸಹಿ ಹಾಕಿದರು, ಆಮೇಲೆ ಮಡಚುತ್ತಾ ಕೇಳಿದರು: "ಹತ್ತನೇ ತಾರೀಕು ಎಷ್ಟು ಹೊತ್ತಿಗೆ ಕೋರ್ಟು?"

"ಹನ್ನೊಂದಕ್ಕೆ."

"ನಾನೂ ಬತ್ತೀನಿ. ಕಾಗದ ಮಾತಾಡಲ್ಲ."

ಕೋರ್ಟಿನಲ್ಲಿ ಅಪ್ಪನ ಹೆಸರನ್ನು ಮೂರು ಸಲ ಕೂಗಿದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೋಗಿ ನಿಂತರು. ಫೈನಾನ್ಸಿನ ವಕೀಲರು ಮೂವತ್ತೊಂದು ಹಾಳೆಯ ಕಟ್ಟು ಎತ್ತಿ ಹಿಡಿದು, ಇವರೆಲ್ಲ ಅರ್ಜಿದಾರರ ಕಡೆಯವರು, ಪಟ್ಟಿಯೇ ಹುಸಿ ಅಂದರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಈ ಪಟ್ಟಿ ತಯಾರು ಮಾಡಿದ್ದು ಯಾರು?"

ಅಪ್ಪ "ನಾನೇ ಸ್ವಾಮಿ" ಅನ್ನುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಮುಂದೆ ಬರುವಂತೆ ಹೇಳಿದರು. ಎಲ್ಲರೂ ತಿರುಗಿ ನೋಡಿದರು. ನಡೆದು ಹೋಗಿ ಅಪ್ಪನ ಪಕ್ಕ ನಿಂತೆ.

"ನಾನು ಬರೆದದ್ದು ಸರ್. ಅಪ್ಪ ಓದಲಿಲ್ಲ."

"ಮುಯ್ಯಿಯನ್ನು ಸಾಲ ಅಂತ ಯಾಕೆ ತೋರಿಸಿದಿರಿ?"

"ಒಂದೂ ಬಿಡಬಾರದು ಅಂತ ಹೇಳಿದ್ರು. ಅದೂ ನಾವು ಕೊಡಬೇಕಾದ್ದೇ ಆಗಿತ್ತು. ಅದು ಬೇರೆ, ಇದು ಬೇರೆ ಅಂತ ನನಗೆ ಹೊಳೀಲಿಲ್ಲ. ಸುಳ್ಳು ಬರೆದಿಲ್ಲ ಸರ್."

ಹಿಂದಿನಿಂದ ಸುನಂದಮ್ಮ ಎದ್ದರು. "ಸ್ವಾಮಿ, ಆ ಪಟ್ಟೀಲಿ ಮೂವತ್ತನಾಲ್ಕನೇ ಹೆಸರು ನಂದು. ಸಾಲ ಆಗಿದ್ರೆ ಬಡ್ಡಿ ಕೇಳ್ತಿದ್ದೆ. ಇವರ ಮನೆಗೆ ಹಾಕಿದ್ದು ಮುಯ್ಯಿ. ಅದು ಮೊನ್ನೆ ನನ್ ಮಗಳ ಮದ್ವೇಲಿ ತೀರೋಯ್ತು, ಕೋರ್ಟಿಗೆ ಅದರಲ್ಲಿ ಕೆಲಸ ಇಲ್ಲ."

"ಕೇಳಿದಾಗ ಮಾತಾಡಿ ಅಮ್ಮ" ಅಂದರು ನ್ಯಾಯಾಧೀಶರು. ಆದರೆ ಬರೆದುಕೊಂಡರು. ಮೂವತ್ತೊಂದು ಹೆಸರು ಪಟ್ಟಿಯಿಂದ ತೆಗೆಯಲು ಅನುಮತಿ ಸಿಕ್ಕಿತು. ಉಳಿದದ್ದು ಮೂರು.

ಏಪ್ರಿಲ್ ಮೂರನೇ ವಾರ ಆದೇಶ ಬಂತು. ವೀರಭದ್ರಸ್ವಾಮಿ ದಿವಾಳಿ ಅಂತ. ಸಂಬಳದ ಕಟಾವು ನಿಲ್ಲಿಸಲು ಇಲಾಖೆಗೆ ಪತ್ರ ಹೋಯಿತು. ತಿಂಗಳಿಗೆ ನಾಲ್ಕು ಸಾವಿರ ಕೋರ್ಟಿಗೆ ಕಟ್ಟಬೇಕು, ಅದು ಮೂವರಿಗೂ ಪಾಲಾಗುತ್ತದೆ. ಪೇಪರಿನಲ್ಲಿ ಒಳಗಿನ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಅಪ್ಪ ಆವತ್ತು ಪೇಪರು ತಾವೇ ಕೊಂಡುತಂದು, ಓದಿ, ಮಡಚಿ, ಮುಯ್ಯಿ ಪುಸ್ತಕದೊಳಗೆ ಇಟ್ಟರು.

ಮೇ ತಿಂಗಳ ಸಂಬಳ ಕೈಗೆ ಬಂದ ದಿನ ಮೊದಲು ಕೋರ್ಟಿನ ನಾಲ್ಕು ಸಾವಿರ ಎಣಿಸಿ ತೆಗೆದಿಟ್ಟೆವು. ಆಮೇಲೆ ಅಜ್ಜಿಗೆ ಒಂದು ತಿಂಗಳಿನ ಮಾತ್ರೆ. ಅರ್ಧ ಲೀಟರ್ ಹಾಲು. ನನ್ನ ಬಿ.ಎಡ್. ಅರ್ಜಿಯ ಶುಲ್ಕ ಎಷ್ಟು ಅಂತ ಅವ್ವ ಎರಡು ಸಲ ಕೇಳಿ, ಬೇಳೆ ಡಬ್ಬದ ಹಿಂದೆ ಅಷ್ಟನ್ನು ಬೇರೆ ಇಟ್ಟಳು. ಅಪ್ಪ ಆವತ್ತು ಸಾರನ್ನು ಮತ್ತೊಮ್ಮೆ ಬಡಿಸಿಕೊಂಡರು. "ಉಪ್ಪು ಒಂದ್ ಕಾಳು ಕಮ್ಮಿ ವಿಮಲ" ಅಂದರು ಅವ್ವನಿಗೆ.

"ಹಾಸ್ಟೆಲಲ್ಲಿ ಹೇಳ್ಕಳಿ ಅದ್ನ" ಅಂದಳು ಅವ್ವ, ನಗುತ್ತಾ.

ಊಟ ಮುಗಿಯುವಷ್ಟರಲ್ಲಿ ದೇವಯ್ಯ ಬಂದರು, ಈ ಸಲ ಜಗುಲಿ ಹತ್ತಿ ಒಳಗೇ ಬಂದರು. ಕೈಯಲ್ಲಿ ಲಕೋಟೆ ಇತ್ತು, ಮೂಲೆಗೆ ಅರಿಶಿಣ ಹಚ್ಚಿದ್ದು. ಮಗನ ಮದುವೆ. ನಾನು ಬಾಗಿಲ ಹಿಂದೆ ಹೋಗಿರಲಿಲ್ಲ. ಲೋಟ ತೊಳೆದು ನೀರು ತಂದುಕೊಟ್ಟೆ.

"ಮುಯ್ಯಿ ಬರೆಯಾಕೆ ನೀನೇ ಬರ್ಬೇಕು ಕಣವ್ವ. ಅಕ್ಷರ ಮುತ್ತಿನಂಗವೆ" ಅಂದರು. ನೀರು ಕುಡಿದು ಲೋಟ ಕೆಳಗಿಟ್ಟರು. "ಆದ್ರೆ ಬರೆದಾದ ಮೇಲೆ ಪುಸ್ತಕ ಮಾತ್ರ ನಮ್ಮನೇಲೇ ಇರ್ಲಿ."